ಅಟ್ಟದಿಂದ ಇಳಿದ ಮಿಗ್: ವಿಮಾನದ ಮಾಡೆಲ್ ಕಿಟ್ ಎಲ್ಲೆಲ್ಲಿ ಕೈಕೊಡುತ್ತೆ, ಯಾಕೆ

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತು. ಅದನ್ನು ಟೀವಿಯಲ್ಲಿ ನೋಡಿದ ಸಂಜೆಯೇ ಏಣಿ ಹಾಕಿ ಅಟ್ಟದಿಂದ ಒಂದು ಡಬ್ಬ ಇಳಿಸಿದೆ. ಒಳಗೆ ಅರ್ಧ ಜೋಡಿಸಿ ಬಿಟ್ಟ ಮಿಗ್-21 ಕಿಟ್. ಮಸ್ಕತ್‌ನಲ್ಲಿದ್ದ ಸೋದರಮಾವ ರಜೆಗೆ ಬಂದಾಗ ತಂದುಕೊಟ್ಟಿದ್ದು. ಆಗ ನನಗೆ ಹದಿನಾಲ್ಕು. ಈಗ ನಲವತ್ತೇಳು.

ಮೊದಲ ವಾರದಲ್ಲೇ ಗಮ್ ಹಿಡಿಯಲಿಲ್ಲ, ಬಣ್ಣ ಒಣಗಲಿಲ್ಲ, ಡೆಕಾಲ್ (ನೀರಲ್ಲಿ ನೆನೆಸಿ ವಿಮಾನದ ಮೇಲೆ ಅಂಟಿಸುವ ಗುರುತಿನ ಚಿತ್ರ) ನೀರಿಗೆ ಹಾಕುತ್ತಲೇ ಚೂರಾಯಿತು. ಕೈಯೇ ಹೋಯ್ತು ಅಂದುಕೊಂಡೆ. ಕೈ ಸರಿಯಾಗೇ ಇತ್ತು. ಕೆಟ್ಟಿದ್ದು ಸಾಮಾನು, ಮತ್ತೆ ಹದಿನಾಲ್ಕರ ಹುಡುಗನ ಅಭ್ಯಾಸ. ಹಾಗಾಗಿ ಏನೇ ಕೈಕೊಟ್ಟರೂ ಮೊದಲು ಕೇಳಿಕೊಳ್ಳಿ: ಈ ಗಮ್, ಬಣ್ಣ ಎಷ್ಟು ಹಳೆಯದು? ಒಣಗೋಕೆ ಬಿಟ್ಟಿದ್ದೆನಾ? ಕಿಟ್‌ ಮೇಲೆ ಹಾಕುವ ಮೊದಲು ಬೇರೆ ಕಡೆ ಹಚ್ಚಿ ನೋಡಿದ್ದೆನಾ? ಈ "ಬೇರೆ ಕಡೆ" ಅಂದರೆ ಒಂದು ಪ್ಲಾಸ್ಟಿಕ್ ಚಮಚ. ಹತ್ತಿಪ್ಪತ್ತು ತಂದಿಟ್ಟುಕೊಳ್ಳಿ. ಮುಂದೆ ಪದೇ ಪದೇ ಬೇಕಾಗುತ್ತೆ.

ಇಲ್ಲಿ ಹೇಳುತ್ತಿರುವುದು ಪ್ಲಾಸ್ಟಿಕ್ ಕಿಟ್‌ಗಳ ಬಗ್ಗೆ, ಮುಖ್ಯವಾಗಿ 1/72 ಅಳತೆಯವು. ಆ ಅಳತೆಯಲ್ಲಿ ಆರಡಿ ಆಳು ಒಂದಿಂಚು ಆಗುತ್ತಾನೆ. 7.15 ಮೀಟರ್ ರೆಕ್ಕೆಯ ಮಿಗ್-21 ಹತ್ತು ಸೆಂಟಿಮೀಟರ್‌ಗೂ ಒಂದು ಕೂದಲೆಳೆ ಕಡಿಮೆ.

ತುಂಡು ಕಾಣ್ತಿಲ್ಲ, ಕೈ ನಡುಗುತ್ತೆ

ಖರ್ಚಿಲ್ಲದ ಪರೀಕ್ಷೆ ಮೊದಲು. ಅದೇ ತುಂಡನ್ನು ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ಹಿಡಿದು ನೋಡಿ. ಅಲ್ಲಿ ಕಂಡರೆ ತಪ್ಪು ಟ್ಯೂಬ್‌ಲೈಟಿನದು. ಬಗ್ಗಿಸಬಹುದಾದ ಒಂದು ಟೇಬಲ್ ಲ್ಯಾಂಪ್ ಸಾಕು. ಅಲ್ಲೂ ಮಸುಕು, ಆದರೆ ತೋಳು ಉದ್ದ ಮಾಡಿ ಹಿಡಿದರೆ ಸ್ಪಷ್ಟ ಅಂದರೆ ಅದು ಚಾಳೀಸು. ನಲವತ್ತು ದಾಟಿದವರಿಗೆಲ್ಲ ಬರೋದೇ. ನಾನು ಎರಡು ತಿಂಗಳು ಕಿಟ್ ಮಾಡಿದವರನ್ನು ಬೈದುಕೊಂಡು ಕೊನೆಗೆ ಕನ್ನಡಕ ಹಾಕಿಸಿಕೊಂಡೆ.

ನಡುಕಕ್ಕೆ ಮೊಣಕೈ ಎರಡನ್ನೂ ಮೇಜಿನ ಮೇಲೆ ಊರಿ ನೋಡಿ. ಕಾಫಿ ಕುಡಿಯುವ ಮೊದಲೇ ಕೂತುಕೊಳ್ಳಿ. ಕೈ ತೊಡೆ ಮೇಲೆ ಸುಮ್ನೆ ಇಟ್ಟಾಗಲೂ ನಡುಗುತ್ತಿದ್ದರೆ, ಅಥವಾ ಒಂದೇ ಕಣ್ಣು ಇದ್ದಕ್ಕಿದ್ದ ಹಾಗೆ ಮಂಜಾದರೆ, ಕಿಟ್ ಮುಚ್ಚಿಟ್ಟು ಡಾಕ್ಟರ್ ಹತ್ತಿರ ಹೋಗಿ. ಅದು ಮಾಡೆಲ್ ಸಮಸ್ಯೆ ಅಲ್ಲ.

ತುಂಡು "ಟಿಂಗ್" ಅಂತ ಹಾರಿ ಹೋಯ್ತು

ಚಿಮಟ ಜಾಸ್ತಿ ಬಿಗಿಯಾಗಿ ಹಿಡಿದಿದ್ದೀರಿ, ಅಷ್ಟೇ. ಹುಡುಕುವಾಗ ಮೇಲಿನ ದೀಪ ಆರಿಸಿ. ಮೊಬೈಲ್ ಟಾರ್ಚನ್ನು ನೆಲಕ್ಕೆ ಒರಗಿಸಿ ಅಡ್ಡಡ್ಡ ಬೆಳಕು ಬಿಡಿ. ಸಾಸಿವೆಯಷ್ಟು ತುಂಡಿಗೂ ಉದ್ದ ನೆರಳು ಬೀಳುತ್ತೆ. ಸಿಗದಿದ್ದರೆ ಕಸ ಗುಡಿಸುವ ಮೊದಲು ಮನೆಯವರಿಗೆ ಹೇಳಿ. ಇನ್ನು ಮುಂದೆ ಸಣ್ಣ ತುಂಡುಗಳನ್ನು ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸುವಾಗ ಕೈ ಎರಡನ್ನೂ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಹಾಕಿಕೊಂಡು ಕತ್ತರಿಸಿ.

ಬ್ಲೇಡ್ ಚಾಕು ಮೇಜಿನಿಂದ ಉರುಳಿದರೆ ಮಾತ್ರ ಹಿಡಿಯೋಕೆ ಹೋಗಬೇಡಿ. ತೊಡೆ ಸೇರಿಸಿ ತಡೆಯೋದೂ ಬೇಡ. ಕಾಲು ಹಿಂದಕ್ಕೆ ಎಳೆದುಕೊಳ್ಳಿ, ಬೀಳಲಿ.

ಅಂಟಿಸಿದ್ದು ಬಿಟ್ಟುಕೊಳ್ಳುತ್ತೆ

ಮೊದಲು ಗಮ್ ನೋಡಿ. ಹಳೆ ಟ್ಯೂಬ್ ಹಿಂಡಿದಾಗ ಜೇಡರ ಬಲೆಯಂತೆ ಎಳೆ ಎಳೆಯಾಗಿ ಬಂದರೆ ಅದರ ದ್ರಾವಕ ಆರಿಹೋಗಿದೆ. ಬಿಸಾಡಿ. ಮಾಡೆಲ್ ಗಮ್ ಫೆವಿಕಾಲ್ ಥರ ನಡುವೆ ಕೂತು ಅಂಟಿಸುವುದಿಲ್ಲ. ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡನ್ನೂ ಬೆಸೆಯುತ್ತೆ. ದ್ರಾವಕ ಇಲ್ಲದ ಮೇಲೆ ಬರೀ ಅಂಟು ಉಳಿಯಿತು.

ಗಮ್ ಹೊಸದಾಗಿದ್ದರೆ ಅಂಟಿಸಿದ ಜಾಗ ನೋಡಿ. ಅಲ್ಲಿ ಬಣ್ಣ ಇದೆಯಾ? ಗಮ್ ಕರಗಿಸಿದ್ದು ಬಣ್ಣವನ್ನು, ಕೆಳಗಿನ ಪ್ಲಾಸ್ಟಿಕ್ಕಿಗೆ ಅದು ತಲುಪಲೇ ಇಲ್ಲ. ಚಾಕುವಿನಿಂದ ಕೆರೆದು ಬಿಳಿ ಪ್ಲಾಸ್ಟಿಕ್ ಕಂಡ ಮೇಲೆ ಮತ್ತೆ ಹಚ್ಚಿ. ತುಂಡು ಲೋಹದ್ದೋ ರೆಸಿನ್‌ದೋ (ಅಚ್ಚಿಗೆ ದ್ರವ ಸುರಿದು ಗಟ್ಟಿ ಮಾಡುವ ಬೇರೆ ಥರದ ಪ್ಲಾಸ್ಟಿಕ್) ಆಗಿದ್ದರೆ ಈ ಗಮ್ ಯಾವ ಕಾಲಕ್ಕೂ ಹಿಡಿಯಲ್ಲ. ಅದಕ್ಕೆ ಸೂಪರ್ ಗ್ಲೂನೇ ಬೇಕು.

ಇದೆಲ್ಲ ಸರಿ ಇದ್ದೂ ಬಿಡುತ್ತಿದ್ದರೆ ತುಂಡು ಸೊಟ್ಟಗಿದೆ. ಗಮ್ ಹಚ್ಚದೆ ಬಾಡಿಯ ಎರಡು ಹೋಳು ಜೋಡಿಸಿ ಬೆಳಕಿಗೆ ಹಿಡಿಯಿರಿ. ಬೆರಳಿನಿಂದ ಒತ್ತಿದಾಗ ಮಾತ್ರ ಮುಚ್ಚುವ ಸಂದು ಗಮ್ ಒಣಗಿದ ಮೇಲೂ ತೆರೆಯೋಕೆ ನೋಡುತ್ತಿರುತ್ತೆ. ಸ್ನಾನಕ್ಕೆ ಕಾಸಿದ ನೀರಿಗಿಂತ ತುಸು ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನಿಧಾನ ಬಗ್ಗಿಸಿ, ತಣ್ಣೀರಿಗೆ ಹಿಡಿಯಿರಿ. ಕುದಿಯುವ ನೀರು ಬೇಡ. ಮುದುಡಿ ಹೋದದ್ದು ವಾಪಸ್ ಬರಲ್ಲ.

ಇದರ ಉಲ್ಟಾ ತೊಂದರೆಯೂ ಇದೆ. ಸಂದಿನ ಸುತ್ತ ಪ್ಲಾಸ್ಟಿಕ್ ಮೆತ್ತಗಾಗಿ ಬೆರಳಚ್ಚು ಬಿದ್ದಿರುತ್ತೆ. ಗಮ್ ಜಾಸ್ತಿಯಾಗಿದೆ. ಆಗ ಬರುವ ಮೊದಲ ಯೋಚನೆ ಒರೆಸೋಣ ಅನ್ನೋದು. ಒರೆಸಿದರೆ ಕೆಟ್ಟಿತು. ಎರಡು ದಿನ ಮುಟ್ಟಬೇಡಿ. ಗಟ್ಟಿಯಾದ ಮೇಲೆ ಉಜ್ಜಿದರೆ ಹೋಗುತ್ತೆ. ಈಗ ನೀರಿನಷ್ಟು ತೆಳು ಗಮ್ ಸಿಗುತ್ತೆ, ಮುಚ್ಚಳದಲ್ಲೇ ಸಣ್ಣ ಬ್ರಷ್ ಇರುವಂಥದ್ದು. ಎರಡು ಹೋಳು ಒತ್ತಿ ಹಿಡಿದು ಸಂದಿಗೆ ಬ್ರಷ್ ತಾಗಿಸಿದರೆ ಸಾಕು, ತಾನೇ ಒಳಗೆ ಹರಿದುಕೊಂಡು ಹೋಗುತ್ತೆ. ನಾವು ಹುಡುಗರಾಗಿದ್ದಾಗ ಇದೊಂದು ಇದ್ದಿದ್ದರೆ!

ಎಚ್ಚರಿಕೆ ಎರಡು. ಈ ಗಮ್ಮಿನ ಆವಿಗೆ ಬೆಂಕಿ ಹತ್ತುತ್ತೆ. ದೇವರ ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಅದೇ ಕೋಣೆಯಲ್ಲಿ ಬೇಡ, ಕಿಟಕಿ ತೆರೆದಿರಲಿ. ಎರಡನೆಯದು ಸೂಪರ್ ಗ್ಲೂ ವಿಚಾರ. ಬೆರಳಿಗೆ ಬೆರಳು ಅಂಟಿದರೆ ಎಳೆಯಬೇಡಿ, ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ಮೆಲ್ಲಗೆ ಉರುಳಿಸಿ. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬೇಡಿ. ಹತ್ತಿ ತಾಗಿದರೆ ಅದು ಸುಡುವಷ್ಟು ಬಿಸಿಯಾಗುತ್ತೆ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸೋಕೆ ಹೋಗದೆ ನೀರಿನಲ್ಲಿ ತೊಳೆಯುತ್ತಲೇ ಕಣ್ಣಿನ ಆಸ್ಪತ್ರೆಗೆ ಹೊರಡಿ.

ಬೆನ್ನ ಮೇಲೆ ಗೆರೆ ಉಳಿಯುತ್ತೆ

ಉಗುರು ಎಳೆದು ನೋಡಿ. ಉಗುರು ಸಿಕ್ಕಿಹಾಕಿಕೊಂಡರೆ ಗುಂಡಿ, ಅದಕ್ಕೆ ಪುಟ್ಟಿ. ಜಾರಿ ಎಡವಿದರೆ ಉಬ್ಬು, ಅದಕ್ಕೆ ವಾಟರ್ ಪೇಪರ್. 400 ನಂಬರಿನಿಂದ ಶುರು ಮಾಡಿ, 600, ಆಮೇಲೆ 1000. ಪೇಪರನ್ನು ನೀರಿಗೆ ಅದ್ದಿಕೊಂಡೇ ಉಜ್ಜಿ, ಧೂಳು ಏಳಲ್ಲ. ರೆಸಿನ್ ತುಂಡಾದರೆ ಇದು ಬರೀ ಅನುಕೂಲದ ಮಾತಲ್ಲ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮಾಸ್ಕ್ ಹಾಕಿಕೊಳ್ಳಿ.

ಉಜ್ಜಿದಾಗ ಸರಿ ಇದ್ದ ಗೆರೆ ವಾರ ಬಿಟ್ಟು ಬಣ್ಣದಡಿಯಿಂದ ಮತ್ತೆ ಎದ್ದರೆ ಗಮ್ ಒಣಗುವ ಮೊದಲೇ ಉಜ್ಜಿದ್ದೀರಿ ಅಂತ ಅರ್ಥ. ಮೆತ್ತಗಿದ್ದ ಪ್ಲಾಸ್ಟಿಕ್ ಆಮೇಲೆ ಆರಿ ಕುಗ್ಗಿದೆ. ಪುಟ್ಟಿಯೂ ಹಾಗೇ ಕುಗ್ಗುತ್ತೆ. ದಪ್ಪಗೆ ಒಂದು ಸಲ ಮೆತ್ತುವ ಬದಲು ತೆಳ್ಳಗೆ ಎರಡು ಸಲ ಹಚ್ಚಿ, ನಡುವೆ ಒಂದು ರಾತ್ರಿ ಬಿಡಿ.

ಬಣ್ಣ ಒಣಗ್ತಾನೇ ಇಲ್ಲ

ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದು. ಮಿಗ್ ರೆಕ್ಕೆಗೆ ಬೂದು ಬಣ್ಣ ಬಳಿದು ಐದು ದಿನ ಆಗಿತ್ತು. ಬೆರಳಿಟ್ಟರೆ ಹಲಸಿನ ಅಂಟಿನ ಹಾಗೆ ಮೆಲ್ಲಗೆ ಹಿಡಿದು ಬಿಡುತ್ತಿತ್ತು. ಫ್ಯಾನ್ ಗಾಳಿಗೆ ಕೂತಿದ್ದ ಧೂಳು, ನಮ್ಮ ನಾಯಿಯ ಒಂದು ಕೂದಲು, ಎಲ್ಲ ರೆಕ್ಕೆ ಮೇಲೆ ಕಾಯಂ ಆಗಿದ್ದವು.

ಮೊದಲು ಡಬ್ಬದ ತಳ ಕೆದಕಿ ನೋಡಿ. ಎನಾಮೆಲ್ ಬಣ್ಣ ವರ್ಷಗಟ್ಟಲೆ ಕೂತರೆ ಬಣ್ಣದ ಪುಡಿ ತಳ ಸೇರಿ ಮೇಲೆ ಎಣ್ಣೆ ನಿಲ್ಲುತ್ತೆ. ಕಲಕದೆ ಮೇಲಿಂದ ಅದ್ದಿದರೆ ನೀವು ಬಳಿಯುತ್ತಿರುವುದು ಬರೀ ಎಣ್ಣೆ. ಐದು ನಿಮಿಷ ಕಲಕಿ, ಚಮಚದ ಮೇಲೆ ಬಳಿದು ಒಂದು ದಿನ ಬಿಡಿ. ಚಮಚದ ಮೇಲೆ ಒಣಗಿದರೆ ಬಣ್ಣ ಸರಿ ಇದೆ, ಕಿಟ್ ಮೇಲೆ ಜಿಡ್ಡಿದೆ. ಅಚ್ಚಿನಿಂದ ಬಿಡಿಸೋಕೆ ಹಚ್ಚುವ ಎಣ್ಣೆಯ ಪಸೆ ತುಂಡುಗಳ ಮೇಲೆ ಉಳಿದಿರುತ್ತೆ. ಶುರುವಿನಲ್ಲೇ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು ಒಣಗಿಸಿದ್ದರೆ ಈ ತೊಂದರೆ ಇರಲ್ಲ.

ಚಮಚದ ಮೇಲೂ ಒಣಗದಿದ್ದರೆ ಏನು ಬೆರೆಸಿ ತೆಳು ಮಾಡಿದಿರಿ ಅಂತ ನೆನಪಿಸಿಕೊಳ್ಳಿ. ನಾನು ಬೆರೆಸಿದ್ದು ಸೀಮೆಎಣ್ಣೆ. ಹುಡುಗನಾಗಿದ್ದಾಗ ಅಪ್ಪ ಗೇಟಿಗೆ ಬಣ್ಣ ಹೊಡೆಯುವಾಗ ಹಾಗೇ ಮಾಡುತ್ತಿದ್ದರು. ಸೀಮೆಎಣ್ಣೆ ಪೂರ್ತಿ ಆರಲ್ಲ, ಪಸೆ ಬಿಡುತ್ತೆ. ಗೇಟಿಗೆ ಬಿಸಿಲಿದೆ, ತಿಂಗಳಿದೆ, ನಡೆಯುತ್ತೆ. ಅಂಗೈ ಮೇಲಿನ ಮಿಗ್ಗಿಗೆ ನಡೆಯಲ್ಲ.

ಇಲ್ಲೇ ಇನ್ನೊಂದು ಹೊಂಡ ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ನೆ "ಥಿನ್ನರ್ ಕೊಡಿ" ಅಂದರೆ ಎನ್‌ಸಿ ಥಿನ್ನರ್ ಕೊಡಬಹುದು. ಅದು ಈ ಪ್ಲಾಸ್ಟಿಕ್ಕನ್ನೇ ಕರಗಿಸುತ್ತೆ. ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಕೂಡ ಅಷ್ಟೇ. ಹಂಬ್ರಾಲ್‌ನಂಥ ಎನಾಮೆಲ್‌ಗೆ ಮಿನರಲ್ ಟರ್ಪೆಂಟೈನ್ ಸಾಕು. ತಮಿಯಾ ಅಕ್ರಿಲಿಕ್‌ಗೆ ಅದರದೇ ಥಿನ್ನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್. ವ್ಯಾಲೆಹೋ ಬಣ್ಣಕ್ಕೆ ನೀರು ಅಥವಾ ಅದರ ಥಿನ್ನರ್. ಅದಕ್ಕೆ ಆಲ್ಕೋಹಾಲ್ ಹಾಕಿದರೆ ಹಾಲು ಒಡೆದ ಹಾಗೆ ಗಂಟು ಗಂಟಾಗುತ್ತೆ. ಮೂರಕ್ಕೂ "ಮಾಡೆಲ್ ಬಣ್ಣ" ಅಂತಲೇ ಹೆಸರು, ಸ್ವಭಾವ ಮಾತ್ರ ಒಂದಕ್ಕೊಂದು ಸಂಬಂಧ ಇಲ್ಲ.

ಒಂದು ವಾರ ಆದರೂ ಅಂಟುತ್ತಿದ್ದರೆ ಕಾಯೋದು ಬಿಡಿ. ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ ತೆಗೆದು ಮತ್ತೆ ಶುರು ಮಾಡಿ. ಆ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ, ಹೊರಗೆ ಹರವಿ ಒಣಗಿಸಿ ಬಿಸಾಡಿ. ಕೆಲಸದ ನಡುವೆ ತಲೆ ಭಾರ, ವಾಕರಿಕೆ, ತಲೆ ಸುತ್ತು ಬಂದರೆ ಎದ್ದು ಹೊರಗೆ ಬನ್ನಿ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಕೊರೋನಾ ಕಾಲದ ಎನ್-95 ಮಾಸ್ಕ್ ಧೂಳು ತಡೆಯುತ್ತೆ, ಥಿನ್ನರ್ ಆವಿಯನ್ನಲ್ಲ. ಸ್ಪ್ರೇ ಮಾಡುವವರಿಗೆ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಬ್ರಷ್ ಗೆರೆ, ಕಿತ್ತಳೆ ಸಿಪ್ಪೆ, ಬಿಳಿ ಮಂಜು

ಬ್ರಷ್ ಗೆರೆ ಕಂಡರೆ ಬಣ್ಣ ದಪ್ಪ, ಅಥವಾ ಅರ್ಧ ಒಣಗಿದ ಮೇಲೆ ಮತ್ತೆ ಬ್ರಷ್ ಆಡಿಸಿದ್ದೀರಿ. ಹಾಲಿನಷ್ಟು ತೆಳು ಮಾಡಿ ಮೂರು ಸಲ ಬಳಿಯಿರಿ. ಮೊದಲ ಸಲ ನೋಡೋಕೆ ಅಸಹ್ಯವಾಗೇ ಇರುತ್ತೆ, ಹೆದರಬೇಡಿ.

ಮೈ ಕಿತ್ತಳೆ ಸಿಪ್ಪೆಯಂತಾದರೆ ಏರ್‌ಬ್ರಷ್‌ನಿಂದ, ಅಂದರೆ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನದಿಂದ, ಹೊರಟ ಹನಿ ದಾರಿಯಲ್ಲೇ ಒಣಗುತ್ತಿದೆ. ಹತ್ತಿರ ಹಿಡಿಯಿರಿ, ಇನ್ನೂ ತೆಳು ಮಾಡಿ. ಬಣ್ಣದ ಬಟ್ಟಲಲ್ಲಿ ಗುಳ್ಳೆ ಏಳುತ್ತಿದ್ದರೆ ನಾಜಲ್ ಸಡಿಲ ಆಗಿದೆ ಅಥವಾ ಕಟ್ಟಿಕೊಂಡಿದೆ. ಬಿಗಿ ಮಾಡಿ, ಥಿನ್ನರಿನಲ್ಲಿ ನೆನೆಸಿ. ಗುಂಡುಸೂಜಿ ಹಾಕಿ ಚುಚ್ಚಬೇಡಿ. ಆ ತೂತು ಅರ್ಧ ಮಿಲಿಮೀಟರ್ ಕೂಡ ಇರಲ್ಲ, ಒಮ್ಮೆ ಅಗಲವಾದರೆ ಹೊಸ ನಾಜಲ್ ತರೋದೇ.

ವಾರ್ನಿಷ್ ಸ್ಪ್ರೇ ಹೊಡೆದ ಮೇಲೆ ಬಿಳಿ ಮಂಜು ಕವಿದರೆ ಹವೆಯ ತೇವ ಅದರಲ್ಲಿ ಸೇರಿಕೊಂಡಿದೆ. ಮಂಗಳೂರು, ಉಡುಪಿ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಕಟ್ಟಿಟ್ಟದ್ದು. ಮಳೆ ನಿಂತ, ಬಿಸಿಲಿರುವ ಮಧ್ಯಾಹ್ನ ಅದೇ ವಾರ್ನಿಷನ್ನು ಇನ್ನೊಂದು ಸಲ ತೆಳುವಾಗಿ ಹೊಡೆದರೆ ಬಹಳ ಸಲ ಮಂಜು ಕರಗುತ್ತೆ. ಮಳೆಗಾಲದಲ್ಲಿ ಬರೀ ಜೋಡಿಸಿ, ಬಣ್ಣದ ಕೆಲಸ ದಸರಾ ಮೇಲೆ ಇಟ್ಟುಕೊಳ್ಳಿ.

ಡೆಕಾಲ್ ನೀರಲ್ಲಿ ಚೂರಾಗುತ್ತೆ, ಇಲ್ಲಾ ಹೊಳೆಯುತ್ತೆ

ಹಳೆ ಕಿಟ್‌ನಲ್ಲಿ ಮತ್ತೆ ಸಿಗದ ವಸ್ತು ಅಂದರೆ ಡೆಕಾಲ್ ಹಾಳೆ. ಅದರ ಮೇಲೆ ಪ್ರಯೋಗ ಮಾಡುವ ಮೊದಲು ಬೇಡವಾದ ಒಂದು ಗುರುತು ಹುಡುಕಿ, ಬೇರೆ ದೇಶದ್ದು ಇದ್ದೇ ಇರುತ್ತೆ. ಅದನ್ನು ಕತ್ತರಿಸಿ ಬೆಚ್ಚಗಿನ ನೀರಿಗೆ ಬಿಡಿ. ಇಡಿಯಾಗಿ ಜಾರಿದರೆ ಉಳಿದದ್ದೂ ಸರಿ. ಚೂರಾದರೆ ಇಡೀ ಹಾಳೆಗೆ ಹೊಳಪಿನ ಕ್ಲಿಯರ್ ವಾರ್ನಿಷ್ ಒಂದು ಪದರ ಹೊಡೆದು ಒಣಗಿಸಿ. ಆ ಪದರವೇ ಚೂರುಗಳನ್ನು ಹಿಡಿದುಕೊಳ್ಳುತ್ತೆ. ಆದರೆ ಈಗ ಹಾಳೆ ಪೂರ್ತಿ ಒಂದೇ ಪದರ ಆಗಿರುತ್ತೆ, ಒಂದೊಂದು ಗುರುತನ್ನೂ ಅಂಚಿಗೆ ಸರಿಯಾಗಿ ಕತ್ತರಿಸಬೇಕು.

ನಾನು ಈ ಪರೀಕ್ಷೆ ಮಾಡದೆ ನೇರ ವಾಯುಪಡೆಯ ಚಕ್ರವನ್ನೇ ನೀರಿಗೆ ಬಿಟ್ಟೆ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಬಟ್ಟಲಲ್ಲಿ ಅದು ಹನ್ನೊಂದು ಚೂರಾಗಿ ಬಿಡಿಬಿಡಿಯಾಗಿ ತೇಲಿತು. ಎಣಿಸಿದ್ದೇನೆ.

ಹಾಳೆ ಹಳದಿಗಟ್ಟಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ. ಹಳದಿ ಬಹುಮಟ್ಟಿಗೆ ಇಳಿಯುತ್ತೆ. ಇದಕ್ಕೆ ಖರ್ಚೇ ಇಲ್ಲ.

ಅಂಟಿಸಿದ ಮೇಲೆ ಗುರುತಿನ ಸುತ್ತ ಬೆಳ್ಳಿಯಂತೆ ಹೊಳೆದರೆ ಅಡಿಯಲ್ಲಿ ಗಾಳಿ ಸಿಕ್ಕಿದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಮೈ ಕಣ್ಣಿಗೆ ಕಾಣದಷ್ಟು ಒರಟು, ಆ ತಗ್ಗುಗಳಲ್ಲಿ ಗಾಳಿ ಕೂರುತ್ತೆ. ಸೂಜಿಯಿಂದ ನಾಲ್ಕೈದು ಕಡೆ ಚುಚ್ಚಿ, ಡೆಕಾಲ್ ಮೆತ್ತಗೆ ಮಾಡುವ ದ್ರವ, ಅಂದರೆ ಮೈಕ್ರೋ ಸಾಲ್‌ನಂಥದ್ದು, ಒಂದು ಹನಿ ಬಿಡಿ. ಗುರುತು ಮೊದಲು ಸುಕ್ಕಾಗುತ್ತೆ. ಆಗ ಮುಟ್ಟಿದರೆ ಹರಿದು ಬರುತ್ತೆ. ಎದ್ದು ಹೋಗಿ ಊಟ ಮಾಡಿ ಬನ್ನಿ, ತಾನೇ ಕೂತಿರುತ್ತೆ. ಮುಂದಿನ ಸಲ ಡೆಕಾಲ್‌ಗೆ ಮೊದಲು ಹೊಳಪಿನ ಪದರ ಹೊಡೆಯಿರಿ, ಮ್ಯಾಟ್ ಕೊನೆಗೆ.

ಕ್ಯಾನಪಿ ಒಳಗೆ ಬೆಳ್ಳಗೆ ಮಬ್ಬು

ಕ್ಯಾನಪಿ ಅಂದರೆ ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ. ಅದನ್ನು ಅಂಟಿಸೋಕೆ ಸೂಪರ್ ಗ್ಲೂ ಹಾಕಿದಿರಿ ಅಲ್ವಾ? ಅದರ ಆವಿ ಒಳಗೆ ಕೂತಿದೆ. ಕ್ಯಾನಪಿ ಇನ್ನೂ ಬಿಚ್ಚಲು ಬಂದರೆ ಒಳಗಡೆ ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಿಂದ ಉಜ್ಜಿ. ಗಟ್ಟಿಯಾಗಿ ಕೂತಿದ್ದರೆ ಬಲ ಹಾಕಬೇಡಿ, ಪಾರದರ್ಶಕ ಪ್ಲಾಸ್ಟಿಕ್ ಬೇಗ ಸೀಳುತ್ತೆ. ಸೀಳಿದರೆ ಪುಟ್ಟಿ, ಪಾಲಿಶ್ ಯಾವುದೂ ಕೆಲಸಕ್ಕೆ ಬರಲ್ಲ. ಇಲ್ಲಿಗೆ ನಿಲ್ಲಿಸಿ, ಕಿಟ್ ತಯಾರಿಸಿದವರಿಗೆ ಬಿಡಿ ಭಾಗ ಕೇಳಿ ಬರೆಯಿರಿ. ಕ್ಯಾನಪಿ ಅಂಟಿಸೋಕೆ ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣಲ್ಲ.

ಮೂಗು ಮೇಲೆತ್ತಿ ಬಾಲದ ಮೇಲೆ ಕೂರುತ್ತೆ

ಎರಡನೇ ಕಿಟ್ ಕ್ಯಾನ್‌ಬೆರಾ. ನಮ್ಮ ವಾಯುಪಡೆ 2007ರವರೆಗೂ ಹಾರಿಸಿದ ಬಾಂಬರ್ ಅದು. ರಾತ್ರಿ ಹನ್ನೊಂದಕ್ಕೆ ಕೊನೆಯ ಚಕ್ರ ಅಂಟಿಸಿ, ಒಣಗಿಸಿ, ಊಟದ ಮೇಜಿನ ಮೇಲೆ ನಿಲ್ಲಿಸಿದೆ. ಒಂದು ಕ್ಷಣ ನಿಂತಿತು. ಆಮೇಲೆ ಸದ್ದಿಲ್ಲದೆ ಹಿಂದಕ್ಕೆ ವಾಲಿ ಕೂತುಬಿಟ್ಟಿತು. "ಸುಸ್ತಾಗಿದೆ ಪಾಪ, ಮಲಗಲಿ ಬಿಡಿ," ಅಂದಳು ಹೆಂಡತಿ.

ಮೂಗಿನಡಿ ಚಕ್ರ ಇರುವ ವಿಮಾನಕ್ಕೆಲ್ಲ ಈ ಅಪಾಯ ಇದೆ. ಬಾಡಿ ಮುಚ್ಚುವ ಮೊದಲೇ ಟೇಪಿನಿಂದ ಎಲ್ಲ ತಾತ್ಕಾಲಿಕವಾಗಿ ಸೇರಿಸಿ, ಹಿಂದಿನ ಚಕ್ರ ಬರುವ ಜಾಗಕ್ಕೆ ಪೆನ್ಸಿಲ್ ಅಡ್ಡ ಇಟ್ಟು ತಕ್ಕಡಿಯಂತೆ ತೂಗಿ. ಮೂಗಿನ ಮೇಲೆ ನಾಣ್ಯ ಇಡುತ್ತಾ ಹೋಗಿ. ಮುಂದಕ್ಕೆ ಬಾಗಿದಾಗ ಎಷ್ಟು ನಾಣ್ಯವೋ ಅಷ್ಟು ತೂಕ, ಜೊತೆಗೆ ಇನ್ನೊಂದು ಚೂರು. ತೂಕಕ್ಕೆ ಸೈಕಲ್ ಅಂಗಡಿಯ ಬೇರಿಂಗ್ ಗುಂಡುಗಳೇ ಒಳ್ಳೆಯದು. ಮೀನಿನ ಗಾಳದ ಸೀಸದ ಗುಂಡು ಭಾರವೇನೋ ಹೌದು, ಆದರೆ ಅದನ್ನು ಫೆವಿಕಾಲ್‌ನಂಥ ಬಿಳಿ ಗಮ್ಮಿನಲ್ಲಿ ಕೂರಿಸಿದರೆ ಸೀಸ ವರ್ಷಗಳ ಮೇಲೆ ಕಿಲುಬು ಹಿಡಿದು ಉಬ್ಬಿ, ಬಾಡಿಯನ್ನೇ ಒಳಗಿನಿಂದ ಸೀಳಬಹುದು. ಸೀಸವೇ ಬೇಕಾದರೆ ಎಪಾಕ್ಸಿ ಗಮ್ ಹಾಕಿ, ಕೈ ತೊಳೆದುಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ.

ಕ್ಯಾನ್‌ಬೆರಾದ ಕಷ್ಟ ಏನಂದರೆ ಅದರ ಮೂಗು ಗಾಜಿನದು, ಇಟ್ಟದ್ದೆಲ್ಲ ಕಾಣುತ್ತೆ. ಪೈಲಟ್ ಕೂರುವ ನೆಲದಡಿ, ಚಕ್ರದ ಗೂಡಿನ ಮೇಲೆ ಎಲ್ಲಿ ಸಂದಿದೆಯೋ ಅಲ್ಲೆಲ್ಲ ತುರುಕಬೇಕು. ಮುಚ್ಚಿಯಾದ ಮೇಲೆ ಗೊತ್ತಾದರೆ? ಚಕ್ರದ ಗೂಡಿನಲ್ಲಿ ಸಣ್ಣ ತೂತು ಕೊರೆದು ಗುಂಡು ಇಳಿಸಿ, ಮೂಗು ಕೆಳಗೆ ಮಾಡಿ ಎಪಾಕ್ಸಿ ಬಿಡಬಹುದು. ನನ್ನದಕ್ಕೆ ಆ ಧೈರ್ಯ ಬರಲಿಲ್ಲ. ಬಾಲದಡಿ ಒಂದು ಪಾರದರ್ಶಕ ಕಡ್ಡಿ ಕೊಟ್ಟು ನಿಲ್ಲಿಸಿದ್ದೇನೆ.

ಬಣ್ಣ, ಗುರುತು ಸರಿಯೋ ತಪ್ಪೋ ಗೊತ್ತಾಗ್ತಿಲ್ಲ

ಡಬ್ಬದ ಚಿತ್ರ ನಂಬಬೇಡಿ. ನ್ಯಾಟ್ ಅಂತ ಬರೆದ ಡಬ್ಬದಲ್ಲಿ ಎರಡು ಸೀಟಿನ ವಿಮಾನ ಇದ್ದರೆ ಅದು ಬ್ರಿಟಿಷರ ತರಬೇತಿ ನ್ಯಾಟ್, ಅವರ ರೆಡ್ ಆರೋಸ್ ಎಂಬ ವೈಮಾನಿಕ ಕಸರತ್ತಿನ ತಂಡ ಹಾರಿಸಿದ್ದು. 1965ರಲ್ಲಿ ನಮ್ಮವರು ಹೋರಾಡಿದ್ದು ಒಂದು ಸೀಟಿನದರಲ್ಲಿ. ಇದನ್ನು ಉಜ್ಜಿ, ಪುಟ್ಟಿ ಮೆತ್ತಿ ಸರಿ ಮಾಡೋಕಾಗಲ್ಲ, ಬೇರೆ ಕಿಟ್ಟೇ ಬೇಕು. ಬೆಂಗಳೂರಿನಲ್ಲಿರುವವರು ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಒಂದು ಬೆಳಗ್ಗೆ ಹೋಗಿ ಬನ್ನಿ. 1961ರ ಜೂನ್ 17ರಂದು ಇದೇ ಊರಲ್ಲಿ ಮೊದಲು ಹಾರಿದ ಮಾರುತ್ ಜಾತಿಯ ವಿಮಾನ ಅಲ್ಲಿ ಎದುರಿಗೇ ನಿಂತಿದೆ. ಚಕ್ರದ ಗೂಡಿನ ಒಳಗೆ ಹೇಗಿರುತ್ತೆ, ತಗಡಿನ ಜೋಡಣೆ ಎಷ್ಟು ಸಣ್ಣಗೆ ಕಾಣುತ್ತೆ, ಬಗ್ಗಿ ನೋಡಬಹುದು.

ಶೆಲ್ಫ್ ಮೇಲಿಟ್ಟ ಮೇಲೆ ಮುರಿಯುತ್ತೆ

ಯಾವಾಗಲೂ ಅದೇ ತುಂಡು ಮುರಿಯುತ್ತಿದ್ದರೆ ತಪ್ಪು ಗಮ್ಮಿನದಲ್ಲ, ಆ ತುಂಡಿನ ದಪ್ಪದ್ದು. ಮಿಗ್ಗಿನ ಮೂಗಿನ ಮುಂದೆ ಚಾಚಿದ ಕಡ್ಡಿ, ಗಾಳಿಯ ವೇಗ ಅಳೆಯುವ ಪಿಟೋ, ಪ್ಲಾಸ್ಟಿಕ್‌ನದಾದರೆ ಧೂಳು ಒರೆಸುವ ಬಟ್ಟೆ ತಾಗಿದರೂ ಸಾಕು. ಮೊದಲನೆಯದನ್ನು ನಾನೇ ಮುರಿದೆ, ಎರಡನೆಯದನ್ನು ಹಲ್ಲಿ. ಮೂರನೆಯದಕ್ಕೆ ಮೆಡಿಕಲ್ ಶಾಪಿನಿಂದ ಹೊಸ ಇಂಜೆಕ್ಷನ್ ಸೂಜಿ ತಂದು, ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ, ಮೂಗಿನಲ್ಲಿ ತೂತು ಕೊರೆದು ಸೂಪರ್ ಗ್ಲೂ ಹಾಕಿ ಕೂರಿಸಿದ್ದೇನೆ. ಸೂಜಿ ಕತ್ತರಿಸುವಾಗ ಕನ್ನಡಕ ಹಾಕಿಕೊಳ್ಳಿ, ತುಣುಕು ಸಿಡಿಯುತ್ತೆ. ಈಗ ಅದು ಮುರಿಯಲ್ಲ. ಒರೆಸುವವರಿಗೆ ಚುಚ್ಚುತ್ತೆ ಅಂತ ದೂರು ಬಂದಿದೆ, ಹಾಗಾಗಿ ಮೂಗನ್ನು ಗೋಡೆ ಕಡೆ ತಿರುಗಿಸಿಟ್ಟಿದ್ದೇನೆ.